‘ಅಮ್ಮ, ಸಾವೇ ಇಲ್ಲ ಅಂದ್ರೆ ಒಪ್ಕೋತೀಯಾ?’: ಹದಿಹರೆಯದವರಿಗೆ ಇಂಥ ಕಾದಂಬರಿ ಯಾಕೆ ಹಿಡಿಸುತ್ತದೆ

ಪ್ರಶ್ನೆ: ನನ್ನ ಮಗಳು ಒಂಬತ್ತನೇ ತರಗತಿ. ಓದುವ ಹುಚ್ಚು ಜಾಸ್ತಿ, ಆದರೆ ಓದೋದು ಬರೀ ಫ್ಯಾಂಟಸಿ. ಅದರಲ್ಲೂ ಸಾವು, ನೆರಳು, ನಾನು ಯಾರು, ಈ ಜಗತ್ತು ನಿಜವಾ ಎನ್ನುವಂಥವು. ಈಚೆಗೆ ‘ಟಕ್ ಎವರ್‌ಲಾಸ್ಟಿಂಗ್’ ಎಂಬ ಸಣ್ಣ ಪುಸ್ತಕ ಮುಗಿಸಿ ಎರಡು ದಿನ ಮಾತೇ ಆಡಲಿಲ್ಲ. ಆಮೇಲೆ ಊಟಕ್ಕೆ ಕೂತಾಗ, ‘ಅಮ್ಮ, ನಿನಗೆ ಸಾವೇ ಇಲ್ಲ ಅಂದ್ರೆ ಒಪ್ಕೋತೀಯಾ?’ ಅಂದಳು. ನನಗೆ ಗಾಬರಿಯಾಯಿತು. ಮುಂದಿನ ವರ್ಷ ಎಸ್ಸೆಸ್ಸೆಲ್ಸಿ, ಇದನ್ನೆಲ್ಲ ಬಿಡಿಸು ಅಂತ ಯಜಮಾನರು ಹೇಳುತ್ತಾರೆ. ಈ ವಯಸ್ಸಿನವರಿಗೆ ಇಂಥ ಪುಸ್ತಕ ಯಾಕೆ ಅಷ್ಟು ಇಷ್ಟವಾಗುತ್ತದೆ? ಬಿಡಿಸಬೇಕಾ? ಓದಲಿ ಅನ್ನುವುದಾದರೆ ಮುಂದೆ ಏನು ಕೊಡಲಿ?
– ಓದುಗರೊಬ್ಬರು, ಶಿವಮೊಗ್ಗ

ಉತ್ತರ: ನಿಮ್ಮ ಪತ್ರದಲ್ಲಿ ಮಗಳು ಕೇಳಿದ ಪ್ರಶ್ನೆ ಇದೆ, ನೀವು ಕೊಟ್ಟ ಉತ್ತರ ಇಲ್ಲ. ಕೊಡಲಿಲ್ಲ ಅಂತ ಕಾಣುತ್ತದೆ. ಪರವಾಗಿಲ್ಲ, ಅದಕ್ಕೆ ಆಮೇಲೆ ಬರೋಣ.

ಮೊದಲು ಗಾಬರಿಯ ವಿಷಯ ಮುಗಿಸಿಬಿಡುತ್ತೇನೆ. ಸಾವಿನ ಬಗ್ಗೆ ಓದುವುದು, ಕೇಳುವುದು ಈ ವಯಸ್ಸಿಗೆ ಸಹಜ. ಊಟ, ನಿದ್ದೆ, ಗೆಳತಿಯರು, ನಗು ಎಲ್ಲ ಮೊದಲಿನಂತೆಯೇ ಇದ್ದರೆ ಎರಡು ದಿನ ಸುಮ್ಮನಿದ್ದಳು ಅಂತ ಹೆದರಬೇಡಿ. ಒಳ್ಳೆಯ ಪುಸ್ತಕ ಓದಿದವರು ಹಾಗೆ ಇರುತ್ತಾರೆ. ಊಟ-ನಿದ್ದೆ ಕೆಟ್ಟಿದ್ದರೆ, ಎಲ್ಲರಿಂದ ದೂರವಾಗುತ್ತಿದ್ದರೆ, ತಾನು ಇರಬಾರದು ಎನ್ನುವ ಧಾಟಿಯ ಮಾತು ಬಂದರೆ ಮಾತ್ರ ಅದು ಬೇರೆ ವಿಷಯ. ಆಗ ಪುಸ್ತಕವನ್ನು ಬೈಯುತ್ತಾ ಕೂರದೆ ಆಪ್ತಸಮಾಲೋಚಕರನ್ನು ಕಾಣಬೇಕು. ಸರ್ಕಾರದ ಟೆಲಿ ಮಾನಸ್ ಸಹಾಯವಾಣಿ 14416ಕ್ಕೂ ಫೋನ್ ಮಾಡಬಹುದು. ನಿಮ್ಮ ಪತ್ರ ನೋಡಿದರೆ ಅಂಥದ್ದೇನೂ ಕಾಣುವುದಿಲ್ಲ. ನಿಮ್ಮ ಮನೆಯಲ್ಲಿ ಒಬ್ಬಳು ಒಳ್ಳೆಯ ಓದುಗಳು ಬೆಳೆಯುತ್ತಿದ್ದಾಳೆ, ಅಷ್ಟೇ.

ಈಗ ‘ಯಾಕೆ’ ಅನ್ನುವುದಕ್ಕೆ ಬರುತ್ತೇನೆ. ಹದಿಮೂರು-ಹದಿನಾಲ್ಕರ ಕಷ್ಟ ಏನೆಂದರೆ, ಆ ಹೊತ್ತಿಗೆ ದೊಡ್ಡ ದೊಡ್ಡ ಪ್ರಶ್ನೆಗಳೆಲ್ಲ ಬಂದುಬಿಟ್ಟಿರುತ್ತವೆ, ಅನುಭವ ಇನ್ನೂ ಬಂದಿರುವುದಿಲ್ಲ. ಸುಮಾರು 11-12ರಿಂದ ಮಕ್ಕಳು ಕಣ್ಣೆದುರು ಇಲ್ಲದ್ದನ್ನು ಕೂಡ ‘ಹೀಗಾದರೆ ಏನಾಗುತ್ತೆ’ ಅಂತ ಕೊನೆಯವರೆಗೆ ಎಳೆದು ಯೋಚಿಸಬಲ್ಲರು ಎಂದು ಸ್ವಿಟ್ಜರ್ಲೆಂಡಿನ ಮನಶ್ಶಾಸ್ತ್ರಜ್ಞ ಜೀನ್ ಪಿಯಾಜೆ ಹೇಳಿದ್ದರು. ಪ್ರಶ್ನೆಗಳಂತೂ ಅದಕ್ಕಿಂತ ಎಷ್ಟೋ ಮೊದಲೇ ಶುರುವಾಗಿರುತ್ತವೆ. ಅಮೆರಿಕದ ತತ್ವಶಾಸ್ತ್ರದ ಮೇಷ್ಟ್ರು ಗ್ಯಾರೆತ್ ಮ್ಯಾಥ್ಯೂಸ್ 1980ರಲ್ಲಿ ಮಕ್ಕಳ ಇಂಥ ಮಾತುಗಳ ಬಗ್ಗೆಯೇ ಒಂದು ಪುಸ್ತಕ ಬರೆದರು. ಅದರ ಮೊದಲಿಗೇ ಟಿಮ್ ಎಂಬ ಆರು ವರ್ಷದ ಹುಡುಗ ಬರುತ್ತಾನೆ. ಪಾತ್ರೆ ನೆಕ್ಕುತ್ತಾ ಕೂತವನು, ‘ಇದೆಲ್ಲ ಕನಸಲ್ಲ ಅಂತ ಹೇಗಪ್ಪಾ ಗೊತ್ತಾಗೋದು?’ ಅಂತ ಕೇಳುತ್ತಾನೆ. ಅಪ್ಪನಿಗೆ ಉತ್ತರ ತೋಚುವುದಿಲ್ಲ. ಕೊನೆಗೆ ಹುಡುಗನೇ ಬಗೆಹರಿಸುತ್ತಾನೆ: ಕನಸಾಗಿದ್ದರೆ ಜನ ಇದು ಕನಸಾ ಅಂತ ಕೇಳ್ತಾ ಓಡಾಡ್ತಿರಲಿಲ್ಲ. ಶಾಲೆಯ ವರ್ಷಗಳು ಕಳೆದಂತೆ ಇಂಥ ಮಾತು ಕಡಿಮೆಯಾಗುತ್ತದೆ. ಕೇಳಿದರೆ ದೊಡ್ಡವರು ನಗುತ್ತಾರೆ ಅಥವಾ ಹೆದರುತ್ತಾರೆ ಅಂತ ಮಕ್ಕಳಿಗೆ ಗೊತ್ತಾಗಿಬಿಡುತ್ತದೆ, ಅಲ್ವಾ?

ಇಂಥ ಮಗುವಿಗೆ ನಾವು ‘ಗಂಭೀರ’ ಅಂತ ಕರೆಯುವ ಸಾಮಾಜಿಕ ಕಾದಂಬರಿ ಕೊಟ್ಟು ನೋಡಿ. ಮುರಿದ ಮದುವೆ, ಅಣ್ಣ-ತಮ್ಮಂದಿರ ಆಸ್ತಿ ಜಗಳ, ಆಫೀಸಿನ ರಾಜಕೀಯ. ಅವಳಿಗೆ ಭಾಷೆ ಅರ್ಥವಾಗುತ್ತದೆ, ನೋವು ತಟ್ಟುವುದಿಲ್ಲ. ನಲವತ್ತರವರು ಅದನ್ನು ಓದುವಾಗ ಅರ್ಧ ಕೆಲಸವನ್ನು ಅವರ ಬದುಕೇ ಮಾಡಿಕೊಟ್ಟಿರುತ್ತದೆ. ಹದಿನಾಲ್ಕರವಳಿಗೆ ಆ ಸಹಾಯ ಇಲ್ಲ. ಫ್ಯಾಂಟಸಿಯಲ್ಲಿ ಈ ತಾರತಮ್ಯ ಇರುವುದಿಲ್ಲ. ಕುಡಿದರೆ ಸಾಯದಂಥ ನೀರನ್ನು ನೀವೂ ಕುಡಿದಿಲ್ಲ, ಅವಳೂ ಕುಡಿದಿಲ್ಲ, ನಾನೂ ಇಲ್ಲ. ಆ ಊಟದ ಹೊತ್ತಿನ ಪ್ರಶ್ನೆಯ ಎದುರು ನೀವು ಮತ್ತು ಅವಳು ಒಂದೇ ತರಗತಿ. ಅವಳಿಗೆ ಹಿಡಿಸಿದ್ದು ಇದು ಅಂತ ನನ್ನ ಅಂದಾಜು. ದೊಡ್ಡವರು ‘ನಿನಗೆ ಈಗ ಗೊತ್ತಾಗಲ್ಲ, ಆಮೇಲೆ ಗೊತ್ತಾಗುತ್ತೆ’ ಅಂತ ಹೇಳಲು ಆಗದ ಜಾಗ ಅದೊಂದೇ.

ಅವಳು ಓದಿದ ಪುಸ್ತಕವನ್ನೇ ಹತ್ತಿರದಿಂದ ನೋಡೋಣ. ಅಮೆರಿಕದ ನಟಾಲಿ ಬ್ಯಾಬಿಟ್ 1975ರಲ್ಲಿ ಬರೆದ ಕಾದಂಬರಿ. ಅವರ ಪುಟ್ಟ ಮಗಳು ಸಾವಿಗೆ ಹೆದರಿದ್ದೇ ಈ ಕತೆಗೆ ಮೊದಲ ಕಾರಣ ಅಂತ ಅವರೇ ಹೇಳಿಕೊಂಡಿದ್ದರು. ಅಂದರೆ ನಿಮ್ಮ ಊಟದ ಹೊತ್ತಿನ ಮಾತು ಅವರ ಮನೆಯಲ್ಲೂ ನಡೆದಿತ್ತು! ಕತೆ ಇಷ್ಟು: ಟಕ್ ಎಂಬ ಕುಟುಂಬ ಕಾಡಿನ ಒಂದು ಬುಗ್ಗೆಯ ನೀರು ಕುಡಿದುಬಿಟ್ಟಿದೆ. ಅವತ್ತಿನಿಂದ ಅವರಿಗೆ ವಯಸ್ಸೂ ಆಗುವುದಿಲ್ಲ, ಸಾವೂ ಇಲ್ಲ. ವಿನ್ನಿ ಎಂಬ ಹತ್ತು ವರ್ಷದ ಹುಡುಗಿಗೆ ಈ ಗುಟ್ಟು ತಿಳಿಯುತ್ತದೆ. ಮನೆಯ ಹಿರಿಯ ಟಕ್ ಅವಳನ್ನು ದೋಣಿಯಲ್ಲಿ ಕೂರಿಸಿಕೊಂಡು ಕೊಳದ ಮೇಲೆ ಹೋಗುತ್ತಾನೆ. ದೋಣಿ ತೇಲುತ್ತಾ ಹೋಗಿ ಬಿದ್ದ ಮರವೊಂದರ ಕೊಂಬೆಗೆ ಸಿಕ್ಕಿಹಾಕಿಕೊಳ್ಳುತ್ತದೆ. ನೀರು ಮಾತ್ರ ಪಕ್ಕದಲ್ಲೇ ಹರಿದು ಹೋಗುತ್ತಿರುತ್ತದೆ, ಹೊಳೆಗೆ, ಅಲ್ಲಿಂದ ಸಮುದ್ರಕ್ಕೆ. ನಾವು ಹೀಗೇ ಸಿಕ್ಕಿಕೊಂಡಿದ್ದೇವೆ ಅಂತ ಟಕ್ ತೋರಿಸುತ್ತಾನೆ. ಅವನು ಹೇಳುವುದು ಸ್ವಲ್ಪವೇ. ಉಳಿದದ್ದನ್ನು ಹುಡುಗಿ ದೋಣಿಯಲ್ಲಿ ಕೂತು ನೋಡುತ್ತಾಳೆ.

ಆ ಮನೆಯ ಕಿರಿಮಗ ಜೆಸ್ಸಿ ನೋಡಲು ಹದಿನೇಳರವನು, ನಿಜವಾಗಿ 104. ಅವನು ಅವಳಿಗೆ ಬುಗ್ಗೆಯ ನೀರಿನ ಸೀಸೆ ಕೊಟ್ಟು, ನಿನಗೂ ಹದಿನೇಳಾದಾಗ ಕುಡಿ, ಮದುವೆಯಾಗೋಣ ಅನ್ನುತ್ತಾನೆ. ಅವಳು ಏನು ಮಾಡಿದಳು? ನಾಯಿಯಿಂದ ಒಂದು ಕಪ್ಪೆಯನ್ನು ಉಳಿಸಲು ಹೋಗಿ ಆ ನೀರನ್ನು ಅದರ ಮೇಲೆ ಸುರಿದುಬಿಡುತ್ತಾಳೆ. ಬೇಕಾದರೆ ಕಾಡಿನಲ್ಲಿ ಇನ್ನೂ ನೀರಿದೆ ಅಂತಲೂ ಅವಳಿಗೆ ಗೊತ್ತು. ಅಲ್ಲಿಗೆ ಅಧ್ಯಾಯ ಮುಗಿಯುತ್ತದೆ. ಮುಂದಿನ ಪುಟಕ್ಕೆ ಬಂದರೆ 1950. ಟಕ್ ದಂಪತಿ ಊರಿಗೆ ಮರಳಿದ್ದಾರೆ. ಸ್ಮಶಾನದಲ್ಲಿ ವಿನ್ನಿಯ ಸಮಾಧಿ ಕಲ್ಲು ಇದೆ, 1870-1948. ಮದುವೆಯಾಗಿದ್ದಳು, ತಾಯಿಯಾಗಿದ್ದಳು ಅಂತ ಅದರಿಂದ ತಿಳಿಯುತ್ತದೆ.

ಗಮನಿಸಿ, ಅವಳಿಗೆ ಹದಿನೇಳು ತುಂಬಿದ ದಿನ ಏನಾಯಿತು ಅಂತ ಬ್ಯಾಬಿಟ್ ಬರೆದೇ ಇಲ್ಲ. ಕುಡಿಯಲಿಲ್ಲ ಅನ್ನುವುದು ಕಲ್ಲಿನಿಂದ ಗೊತ್ತಾಗುತ್ತದೆ. ಯಾಕೆ ಕುಡಿಯಲಿಲ್ಲ? ಹೆದರಿದಳಾ? ಮರೆತಳಾ? ಬೇರೆ ಯಾರನ್ನೋ ಇಷ್ಟಪಟ್ಟಳಾ? ಟಕ್ ಹೇಳಿದ್ದು ಸರಿ ಅನಿಸಿತಾ? ಎರಡು ಪುಟಗಳ ನಡುವೆ ಸುಮಾರು ಎಪ್ಪತ್ತು ವರ್ಷ ಖಾಲಿ ಬಿಟ್ಟಿದೆ. ನಿಮ್ಮ ಮಗಳು ಎರಡು ದಿನ ಮಾತಾಡದೆ ಇದ್ದದ್ದು ಆ ಖಾಲಿ ಜಾಗದಲ್ಲಿ ಇರಬೇಕು. ಪಠ್ಯಪುಸ್ತಕದಲ್ಲಿ ಪ್ರಶ್ನೆ ಬಂದರೆ ಕೆಳಗೆ ಉತ್ತರ ಇರುತ್ತದೆ, ಗೈಡಿನಲ್ಲಿ ಅದರ ಅಂಕವೂ ಇರುತ್ತದೆ. ಇಲ್ಲಿ ಇಷ್ಟು ದೊಡ್ಡ ನಿರ್ಧಾರವನ್ನು ಓದುವ ಹುಡುಗಿಯ ಕೈಗೇ ಬಿಟ್ಟಿದ್ದಾರೆ. ಆ ವಯಸ್ಸಿನವರ ಮೇಲೆ ಅಷ್ಟು ನಂಬಿಕೆ ಯಾರು ಇಡುತ್ತಾರೆ ಹೇಳಿ?

ಇದು ಹೊರದೇಶದ ಖಯಾಲಿ ಅಂತ ಯಜಮಾನರು ಅಂದರೆ ಅವರಿಗೆ ನಚಿಕೇತನನ್ನು ನೆನಪಿಸಿ. ಕಠೋಪನಿಷತ್ತಿನ ನಾಯಕ ಒಬ್ಬ ಹುಡುಗ. ಅಪ್ಪ ಹಾಲು ಬತ್ತಿದ ಮುದಿ ಹಸುಗಳನ್ನು ದಾನ ಕೊಡುತ್ತಿರುವುದನ್ನು ನೋಡಿ, ‘ನನ್ನನ್ನು ಯಾರಿಗೆ ಕೊಡ್ತೀಯಾ?’ ಅಂತ ಮತ್ತೆ ಮತ್ತೆ ಕೇಳಿ ತಲೆ ತಿನ್ನುತ್ತಾನೆ. ಅಪ್ಪ ರೇಗಿ ‘ಯಮನಿಗೆ’ ಅನ್ನುತ್ತಾನೆ. ಹುಡುಗ ಹೊರಟೇಬಿಡುತ್ತಾನೆ. ಯಮ ಮನೆಯಲ್ಲಿಲ್ಲ, ಮೂರು ರಾತ್ರಿ ಉಪವಾಸ ಕಾಯುತ್ತಾನೆ. ಕಾಯಿಸಿದ್ದಕ್ಕೆ ಯಮ ಮೂರು ವರ ಕೊಡುತ್ತಾನೆ. ಸತ್ತ ಮೇಲೆ ಮನುಷ್ಯ ಇರುತ್ತಾನಾ ಇಲ್ವಾ ಅನ್ನುವುದು ಮೂರನೆಯ ವರಕ್ಕೆ ಅವನು ಕೇಳುವ ಪ್ರಶ್ನೆ. ಯಮ ತಪ್ಪಿಸಿಕೊಳ್ಳಲು ನೋಡುತ್ತಾನೆ. ಆನೆ, ಕುದುರೆ, ಚಿನ್ನ, ಬೇಕಾದಷ್ಟು ವರ್ಷ ಆಯಸ್ಸು, ಎಲ್ಲ ತಗೋ, ಇದೊಂದು ಬಿಡು ಅನ್ನುತ್ತಾನೆ. ಹುಡುಗ ಬೇಡ ಅನ್ನುತ್ತಾನೆ. ಬೇಕಾದಷ್ಟು ಆಯಸ್ಸು ಬೇಡ ಅಂದ ಹುಡುಗ ಇಲ್ಲಿ, ಬೇಡ ಅಂದ ಹುಡುಗಿ ಅಲ್ಲಿ. ನಮ್ಮವರು ಇದನ್ನು ಮುದುಕರ ಓದು ಮಾಡಿಬಿಟ್ಟೆವು. ಮೂಲದಲ್ಲಿ ಇದು ಹಟಮಾರಿ ಹುಡುಗನ ಕತೆ, ದೊಡ್ಡವರ ಲೋಪವನ್ನು ಎತ್ತಿ ತೋರಿಸಿ ಬೈಸಿಕೊಂಡವನ ಕತೆ. ಒಂಬತ್ತನೇ ತರಗತಿಗೆ ಇದಕ್ಕಿಂತ ಹತ್ತಿರದ್ದು ಯಾವುದಿದೆ?

ಹಾಗಂತ ಎಲ್ಲ ಫ್ಯಾಂಟಸಿಯೂ ಈ ಜಾತಿಯದಲ್ಲ. ಐನೂರು ಪುಟ ಯುದ್ಧ, ಡ್ರ್ಯಾಗನ್, ಕೊನೆಗೆ ಪಟ್ಟಾಭಿಷೇಕ ಅಂತ ಇರುವವೂ ಬೇಕಾದಷ್ಟಿವೆ. ಅವನ್ನು ಓದುವುದು ತಪ್ಪೇನಲ್ಲ, ಮಜಾ ಇರುತ್ತದೆ. ಆದರೆ ನಿಮ್ಮ ಮಗಳು ಹುಡುಕುತ್ತಿರುವುದು ಬೇರೆ. ಅದನ್ನು ಗುರುತಿಸಲು ನಾನು ನೋಡುವುದು ಒಂದೇ ವಿಷಯ: ಮಾಯೆಗೆ ಬೆಲೆ ತೆರಬೇಕಾ, ಇಲ್ವಾ? ಬಿಟ್ಟಿ ಸಿಗುವ ಮಂತ್ರ ಬರೀ ತಮಾಷೆ. ಕಸಿದುಕೊಂಡು ಕೊಡುವ ಮಂತ್ರ ಯೋಚನೆಗೆ ಹಚ್ಚುತ್ತದೆ. ಇಂಥ ಕಾದಂಬರಿಗಳಲ್ಲಿ ತತ್ವ ಪಾತ್ರಗಳ ಬಾಯಲ್ಲಿ ಇರುವುದು ಕಡಿಮೆ. ಏನು ಪಡೆದರೆ ಏನು ಹೋಗುತ್ತದೆ ಎನ್ನುವ ಲೆಕ್ಕದಲ್ಲಿ ಅದು ಕೂತಿರುತ್ತದೆ. ಈ ಲೆಕ್ಕದಲ್ಲಿ ಮಕ್ಕಳು ಬಲು ಕಟ್ಟುನಿಟ್ಟು. ಹತ್ತನೇ ಪುಟದ ನಿಯಮವನ್ನು ಲೇಖಕರು ಇನ್ನೂರನೇ ಪುಟದಲ್ಲಿ ಮುರಿದರೆ ನಾವು ದೊಡ್ಡವರು ಬಿಟ್ಟುಬಿಡುತ್ತೇವೆ. ಅವರು ಬಿಡುವುದಿಲ್ಲ, ‘ಇದು ಮೋಸ’ ಅನ್ನುತ್ತಾರೆ.

ಜರ್ಮನಿಯ ಮಿಖಾಯೆಲ್ ಎಂಡೆ 1979ರಲ್ಲಿ ಬರೆದ ‘ದಿ ನೆವರ್‌ಎಂಡಿಂಗ್ ಸ್ಟೋರಿ’ ಇದಕ್ಕೆ ಒಳ್ಳೆಯ ಉದಾಹರಣೆ. ಬಾಸ್ಟಿಯನ್ ಎಂಬ ದಪ್ಪಗಿನ, ಎಲ್ಲರಿಂದ ಗೇಲಿಗೊಳಗಾಗುವ ಹುಡುಗ ತಾನು ಓದುತ್ತಿದ್ದ ಪುಸ್ತಕದೊಳಕ್ಕೇ ಹೋಗುತ್ತಾನೆ. ಅಲ್ಲಿ ಅವನಿಗೆ ಒಂದು ಪದಕ ಸಿಗುತ್ತದೆ. ನಿನಗೆ ಬೇಕಾದ್ದು ಮಾಡು ಅಂತ ಅದರ ಹಿಂದೆ ಬರೆದಿದೆ. ಚೆಲುವ ಆಗಬೇಕು ಅಂದರೆ ಆಗುತ್ತಾನೆ, ಧೀರ ಆಗಬೇಕು ಅಂದರೆ ಅದೂ ಆಗುತ್ತದೆ. ಆದರೆ ಪ್ರತಿ ಆಸೆಗೂ ತನ್ನ ಊರಿನ ಒಂದು ನೆನಪು ಅಳಿಸಿಹೋಗುತ್ತದೆ. ಚೆಲುವನಾದ ಮೇಲೆ ತಾನು ದಪ್ಪಗಿದ್ದೆ ಅನ್ನುವುದೇ ಮರೆತುಹೋಗುತ್ತದೆ. ನೆನಪೆಲ್ಲ ಖರ್ಚು ಮಾಡಿಕೊಂಡವರ ಒಂದು ಊರೂ ಇದೆ. ಅಲ್ಲಿನವರಿಗೆ ಕತೆ ಕಟ್ಟಲು ಬರುವುದಿಲ್ಲ, ಅಕ್ಷರದ ದಾಳಗಳನ್ನು ಸುಮ್ನೆ ಉರುಳಿಸುತ್ತಾ ಕೂತಿರುತ್ತಾರೆ. ಹೈಸ್ಕೂಲಿನಲ್ಲಿ ಬೇರೆ ಯಾರೋ ಆಗಬೇಕು ಅಂತ ದಿನವೂ ಆಸೆಪಡುವ ಮಗುವಿಗೆ ಇದು ಎಲ್ಲಿ ತಾಗುತ್ತದೆ ಅಂತ ವಿವರಿಸಬೇಕಿಲ್ಲ. 1984ರ ಸಿನಿಮಾ ನೋಡಿದ್ದಾಳೆ ಅಂತ ಪುಸ್ತಕ ಬಿಡಬೇಡಿ. ಸಿನಿಮಾದಲ್ಲಿ ಇರುವುದು ಮೊದಲ ಅರ್ಧ, ಲೆಕ್ಕ ಚುಕ್ತಾ ಆಗುವುದು ಎರಡನೆಯ ಅರ್ಧದಲ್ಲಿ.

ಎಂಡೆಯ ಇನ್ನೊಂದು ಪುಸ್ತಕ ‘ಮೊಮೊ’, 1973ರದ್ದು. ಇದನ್ನು ಯಜಮಾನರಿಗೆ ಕೊಡಬೇಕು ಅಂತ ನನ್ನ ಸಲಹೆ. ಅದರಲ್ಲಿ ಬೂದುಬಣ್ಣದ ಬಟ್ಟೆಯ ಕೆಲವರು ಸಮಯ ಉಳಿಸಲು ಜನರನ್ನು ಒಪ್ಪಿಸುತ್ತಾ ತಿರುಗುತ್ತಾರೆ. ಅವರಲ್ಲೊಬ್ಬ ಕ್ಷೌರಿಕ ಫೂಸಿಯ ಅಂಗಡಿಗೆ ಬಂದು ಕನ್ನಡಿಯ ಮೇಲೆ ಲೆಕ್ಕ ಬರೆಯುತ್ತಾನೆ. ನಿನಗೆ ನಲವತ್ತೆರಡು ವರ್ಷ, ಅಂದರೆ ಇಲ್ಲಿಯವರೆಗೆ 132 ಕೋಟಿ 45 ಲಕ್ಷ 12 ಸಾವಿರ ಸೆಕೆಂಡು. ಅದರಲ್ಲಿ ನಿದ್ದೆ ಇಷ್ಟು ಹೋಯಿತು, ಊಟ ಇಷ್ಟು, ಮುದಿ ತಾಯಿಯ ಜೊತೆ ಮಾತಾಡಿದ್ದು ಇಷ್ಟು, ಗಿಳಿ ಸಾಕಿದ್ದು ಇಷ್ಟು. ಕಳೆದು ನೋಡಿದರೆ ಉಳಿದದ್ದು ಸೊನ್ನೆ! ಫೂಸಿ ಬೆಚ್ಚಿ ಅವತ್ತಿನಿಂದ ಸಮಯ ಉಳಿಸಲು ಶುರು ಮಾಡುತ್ತಾನೆ, ತಾಯಿಯನ್ನು ವೃದ್ಧಾಶ್ರಮಕ್ಕೆ ಸೇರಿಸುತ್ತಾನೆ. ಪರೀಕ್ಷೆಯ ವರ್ಷದ ಟೈಮ್‌ಟೇಬಲ್ ಹಾಕುವ ಮೊದಲು ಆ ಒಂದು ಅಧ್ಯಾಯ ಓದಿಕೊಂಡರೆ ಒಳ್ಳೆಯದು.

ನನಗೆ ಈ ಬಗೆಯಲ್ಲಿ ಎಲ್ಲಕ್ಕಿಂತ ಇಷ್ಟವಾದದ್ದು ಅರ್ಸುಲಾ ಲಿ ಗ್ವಿನ್ ಅವರ ‘ಎ ವಿಝರ್ಡ್ ಆಫ್ ಅರ್ಥ್‌ಸೀ’, 1968. ಕತೆಗಳಲ್ಲಿ ಮಾಂತ್ರಿಕರು ಯಾವಾಗಲೂ ಬಿಳಿಗಡ್ಡದವರೇ, ಹುಡುಗರಾಗಿದ್ದಾಗ ಹೇಗಿದ್ದರು ಅನ್ನುವ ಕುತೂಹಲದಿಂದ ಅವರು ಶುರು ಮಾಡಿದ್ದು. ಗೆಡ್ ಬಡವರ ಹುಡುಗ, ಭಾರಿ ಬುದ್ಧಿವಂತ, ಭಾರಿ ಸಿಡುಕ. ಮಂತ್ರದ ಶಾಲೆಯಲ್ಲಿ ಅವನು ಒಂದು ಬೆಣಚುಕಲ್ಲನ್ನು ಹಿಡಿದು, ಇದನ್ನು ನಿಜವಾದ ವಜ್ರ ಮಾಡುವುದು ಹೇಗೆ ಅಂತ ಕೇಳುತ್ತಾನೆ. ಗುರು ಬಯ್ಯುವುದಿಲ್ಲ. ಒಂದು ಕಲ್ಲನ್ನು ನಿಜವಾಗಿ ಬದಲಿಸಿದರೆ ಇಡೀ ಲೋಕವೇ ಬದಲಾಗುತ್ತದೆ, ಅದರಿಂದ ಏನೇನಾಗುತ್ತೆ ಅಂತ ತಿಳಿಯುವ ತನಕ ಕೈ ಹಾಕಬೇಡ ಅನ್ನುತ್ತಾನೆ. ಇಲ್ಲಿ ಮಳೆ ತರಿಸಿದರೆ ಇನ್ನೊಂದು ದ್ವೀಪದಲ್ಲಿ ಬರ ಬರಬಹುದು ಅಂತಲೂ ಆ ಶಾಲೆಯಲ್ಲಿ ಕಲಿಸುತ್ತಾರೆ. ಗೆಡ್ ಕೇಳುತ್ತಾನಾ? ಸಹಪಾಠಿಯೊಬ್ಬ ಕೆಣಕಿದ್ದಕ್ಕೆ, ತಾನು ಎಷ್ಟು ದೊಡ್ಡವನು ಅಂತ ತೋರಿಸಲು ಸತ್ತವರನ್ನು ಕರೆಯುತ್ತಾನೆ. ಆಗ ಒಂದು ಕರಿನೆರಳು ಈ ಕಡೆಗೆ ನುಗ್ಗಿ ಅವನ ಮುಖ ಸೀಳುತ್ತದೆ. ಅದು ಬಂದ ಬಿರುಕನ್ನು ಮುಚ್ಚುವ ಕೆಲಸದಲ್ಲಿ ಶಾಲೆಯ ಹಿರಿಯ ಗುರು ಸಾಯುತ್ತಾನೆ.

ಉಳಿದ ಕಾದಂಬರಿಯಲ್ಲಿ ಆ ನೆರಳು ಬೆನ್ನಟ್ಟುತ್ತದೆ, ಅವನು ಓಡುತ್ತಾನೆ. ಓಡಿದಷ್ಟೂ ಅದಕ್ಕೆ ಬಲ ಬರುತ್ತದೆ. ಕೊನೆಗೆ ತನ್ನ ಮೊದಲ ಗುರು ಓಜಿಯನ್ ಹತ್ತಿರ ಅವನು ಬಂದಾಗ ಆ ಗುರು ಹೇಳುವುದು ಒಂದೇ: ತಿರುಗಿ ನಿಲ್ಲು. ಆಮೇಲೆ ಏನಾಗುತ್ತೆ ಅಂತ ಹೇಳಿ ನಿಮ್ಮ ಮಗಳ ಖುಷಿ ಹಾಳು ಮಾಡುವುದಿಲ್ಲ. ಇಷ್ಟು ಹೇಳಬಹುದು, ಅಲ್ಲಿ ಕತ್ತಿ ಬರುವುದಿಲ್ಲ, ಯಾರೂ ಗೆಲ್ಲುವುದಿಲ್ಲ, ಸೋಲುವುದೂ ಇಲ್ಲ. ದುಷ್ಟನನ್ನು ಹೊರಗೆ ಹುಡುಕಿ ಕೊಲ್ಲುವ ಕತೆಗಳನ್ನೇ ಓದಿಕೊಂಡು ಬಂದ ಮಕ್ಕಳು ಈ ಕೊನೆಗೆ ಬಂದು ತಬ್ಬಿಬ್ಬಾಗುತ್ತಾರೆ. ಕೆಲವರಿಗೆ ಕೋಪ ಬರುತ್ತದೆ, ‘ಅಷ್ಟೇನಾ?’ ಅನ್ನುತ್ತಾರೆ. ಆ ಕೋಪವೂ ಒಳ್ಳೆಯದೇ. ಜಗಳದಲ್ಲಿ ಗೆಳತಿಗೆ ಆಡಬಾರದ ಮಾತು ಆಡಿ, ಅದು ತನ್ನ ಬಾಯಿಂದಲೇ ಬಂತಾ ಅಂತ ರಾತ್ರಿ ಮಗ್ಗುಲು ಬದಲಿಸಿದ ಯಾವ ಹುಡುಗಿಗೂ ಆ ನೆರಳಿನ ಗುರುತು ಸಿಕ್ಕೇ ಸಿಗುತ್ತದೆ.

ಕನ್ನಡದಲ್ಲಿ ಏನಿದೆ ಅಂತ ನೀವು ಕೇಳಿಲ್ಲ, ನಾನೇ ಹೇಳುತ್ತೇನೆ. ಈ ವಯಸ್ಸಿಗೇ ಅಂತ ಬರೆದ ಇಂಥ ಕಾದಂಬರಿ ನಮ್ಮಲ್ಲಿ ತೀರಾ ಕಡಿಮೆ. ಆದರೆ ಬೇತಾಳನ ಕತೆಗಳಿವೆ. ನಮ್ಮ ತಲೆಮಾರಿನವರು ‘ಚಂದಮಾಮ’ದಲ್ಲಿ ಓದಿದ್ದು. ಹೆಣ ಹೊತ್ತ ರಾಜ, ಹೆಣದೊಳಗಿನ ಬೇತಾಳ ಕತೆ ಹೇಳಿ ಪ್ರಶ್ನೆ ಕೇಳುತ್ತಾನೆ. ಗೊತ್ತಿದ್ದೂ ಹೇಳದಿದ್ದರೆ ತಲೆ ಸಿಡಿಯುತ್ತದೆ, ಹೇಳಿದರೆ ಮೌನ ಮುರಿದು ಹೆಣ ಮರಕ್ಕೆ ವಾಪಸ್. ಇಲ್ಲೂ ಬೆಲೆ ಇದೆ ನೋಡಿ. ಅದರಲ್ಲೊಂದು ತಲೆ ಅದಲುಬದಲಾದ ಕತೆ. ತಲೆ ಕಡಿದುಕೊಂಡ ಗಂಡ ಮತ್ತು ಇನ್ನೊಬ್ಬನ ಮುಂಡಗಳಿಗೆ ಹೆಂಡತಿ ಗಾಬರಿಯಲ್ಲಿ ತಪ್ಪು ತಲೆ ಜೋಡಿಸಿಬಿಡುತ್ತಾಳೆ. ಈಗ ಗಂಡ ಯಾರು? ದೇಹಕ್ಕೆ ತಲೆಯೇ ಮುಖ್ಯ, ಆದ್ದರಿಂದ ಗಂಡನ ತಲೆ ಇರುವವನೇ ಗಂಡ ಅಂತ ರಾಜ ತೀರ್ಪು ಕೊಡುತ್ತಾನೆ. ಗಿರೀಶ ಕಾರ್ನಾಡರು ‘ಹಯವದನ’ದಲ್ಲಿ ಈ ಉತ್ತರದಿಂದಲೇ ಗೋಳು ಶುರು ಮಾಡಿಸಿದರು. ತೀರ್ಪಿನ ಪ್ರಕಾರ ಎಲ್ಲ ನಡೆದರೂ ದಿನ ಕಳೆದಂತೆ ಗಟ್ಟಿಮುಟ್ಟಾದ ಮೈ ತಲೆಗೆ ತಕ್ಕಂತೆ ಮೆತ್ತಗಾಗುತ್ತಾ ಹೋಗುತ್ತದೆ. ನಾಟಕವನ್ನು ಪಿಯುಸಿ ಹೊತ್ತಿಗೆ ಕೊಡಿ, ಬೇತಾಳನ ಕತೆಯನ್ನು ಇವತ್ತೇ ಕೊಡಬಹುದು.

ಪೂರ್ಣಚಂದ್ರ ತೇಜಸ್ವಿಯವರ ‘ಕರ್ವಾಲೊ’ ಫ್ಯಾಂಟಸಿ ಅಲ್ಲ. ಆದರೂ ಹಾರುವ ಓತಿಯ ಬೆನ್ನು ಹತ್ತಿ ಕಾಡಿಗೆ ಹೋಗುವ ಆ ಗುಂಪಿನ ಜೊತೆ ಹದಿನೈದರವರು ಖುಷಿಯಿಂದ ಹೋಗುತ್ತಾರೆ. ನಗುತ್ತಾ ಹೋಗಿ ಕಾಲ ಅಂದರೇನು ಅನ್ನುವಲ್ಲಿ ಹೋಗಿ ನಿಲ್ಲುತ್ತಾರೆ.

ಎಲ್ಲರೂ ಹೇಳುವ ‘ಸೋಫೀಸ್ ವರ್ಲ್ಡ್’ ಬಗ್ಗೆ ನನಗೆ ಅರೆಮನಸ್ಸು. ನಾರ್ವೆಯ ಯೂಸ್ಟೈನ್ ಗಾರ್ಡರ್ ತತ್ವಶಾಸ್ತ್ರದ ಮೇಷ್ಟ್ರಾಗಿದ್ದವರು, 1991ರ ಆ ಪುಸ್ತಕದಲ್ಲಿ ಮೇಷ್ಟ್ರು ಎದ್ದು ಕಾಣುತ್ತಾರೆ. ಪ್ಲೇಟೋ, ಅರಿಸ್ಟಾಟಲ್ ಅಂತ ಪಾಠದ ಮೇಲೆ ಪಾಠ ಬರುತ್ತದೆ. ಮಕ್ಕಳು ಅದರಲ್ಲಿ ಉಳಿಯುವುದು ಪಾಠಕ್ಕಲ್ಲ. ತಾನೇ ಯಾರೋ ಬರೆಯುತ್ತಿರುವ ಪುಸ್ತಕದ ಪಾತ್ರ ಅಂತ ಸೋಫಿಗೆ ಗೊತ್ತಾಗುವ ಜಾಗಕ್ಕೆ. ಅಲ್ಲಿಯ ತನಕ ತಾಳ್ಮೆ ಇದ್ದರೆ ಕೊಡಿ. ‘ದಿ ಲಿಟಲ್ ಪ್ರಿನ್ಸ್’ ಬಹಳ ಚೆಂದದ ಪುಸ್ತಕ. ಆದರೆ ಅದನ್ನು ಓದಿ ಕಣ್ಣೀರು ಹಾಕುವವರಲ್ಲಿ ದೊಡ್ಡವರೇ ಜಾಸ್ತಿ ಅಂತ ನನ್ನ ಅನಿಸಿಕೆ. ಫಿಲಿಪ್ ಪುಲ್‌ಮನ್‌ನ ‘ನಾರ್ದರ್ನ್ ಲೈಟ್ಸ್’ ಸರಣಿಯನ್ನು ಒಂದೆರಡು ವರ್ಷ ಬಿಟ್ಟು ಕೊಡಿ. ಅದರಲ್ಲಿ ಪ್ರತಿಯೊಬ್ಬರ ಆತ್ಮವೂ ಒಂದು ಪ್ರಾಣಿಯ ರೂಪದಲ್ಲಿ ಪಕ್ಕದಲ್ಲೇ ಇರುತ್ತದೆ. ಬಾಲ್ಯದಲ್ಲಿ ರೂಪ ಬದಲಿಸುತ್ತಾ ಇರುವ ಅದು, ದೊಡ್ಡವರಾಗುತ್ತಿದ್ದ ಹಾಗೆ ಒಂದೇ ರೂಪಕ್ಕೆ ನಿಂತುಬಿಡುತ್ತದೆ. ಪಿಯುಸಿಯಲ್ಲಿ ಸೈನ್ಸಾ ಕಾಮರ್ಸಾ ಅಂತ ಮನೆಯಲ್ಲಿ ಚರ್ಚೆ ನಡೆಯುವ ಹೊತ್ತಿಗೆ ಅದು ಸರಿಯಾಗಿ ಅರ್ಥವಾಗುತ್ತದೆ.

ಇನ್ನು ಬಿಡಿಸುವ ಮಾತು. ಬಿಡಿಸಬೇಡಿ. ಎಸ್ಸೆಸ್ಸೆಲ್ಸಿ ವರ್ಷದಲ್ಲಿ ದಪ್ಪ ಸರಣಿಗಳನ್ನು ಪಕ್ಕಕ್ಕಿಟ್ಟು ಟಕ್ ಥರದ ಸಣ್ಣವನ್ನು ಇಟ್ಟುಕೊಳ್ಳಲಿ, ರಾತ್ರಿ ಮಲಗುವ ಮುಂಚೆ ಒಂದಿಷ್ಟು ಹೊತ್ತು ಓದಲಿ. ಇಂಥ ಓದಿನಿಂದ ಭಾಷೆ ಸುಧಾರಿಸುತ್ತದೆ ಅಂತ ಯಜಮಾನರಿಗೆ ಹೇಳಿ ಒಪ್ಪಿಸಬಹುದು, ಅದು ನಿಜವೂ ಹೌದು. ಆದರೆ ಮಗಳ ಎದುರು ಆ ಕಾರಣ ಹೇಳಬೇಡಿ. ಉಪಯೋಗಕ್ಕೆ ಅಂತ ಗೊತ್ತಾದ ತಕ್ಷಣ ಅದೂ ಹೋಂವರ್ಕ್ ಆಗಿಬಿಡುತ್ತದೆ. ಅದೇ ಕಾರಣಕ್ಕೆ, ಓದಿ ಮುಗಿಸಿದಾಗ ‘ಏನು ಕಲಿತೆ?’ ಅಂತ ಕೇಳಬೇಡಿ. ‘ನೀನಾಗಿದ್ರೆ ಕುಡೀತಿದ್ಯಾ?’ ಅಂತ ಕೇಳಿ. ಅವಳು ತಿರುಗಿ ನಿಮ್ಮನ್ನೇ ಕೇಳುತ್ತಾಳೆ. ಈಗಾಗಲೇ ಕೇಳಿದ್ದಾಳಲ್ಲ. ಆಗ ‘ಹಾಗೆಲ್ಲ ಮಾತಾಡಬಾರದು’ ಅನ್ನದೆ ನಿಜವಾಗಿ ಯೋಚಿಸಿ ಹೇಳಿ. ಕುಡೀತಿದ್ದೆ ಅನಿಸಿದರೆ ಹಾಗೇ ಹೇಳಿ, ಯಾಕೆ ಅಂತಲೂ ಹೇಳಿ. ಅವಳು ವಾದ ಮಾಡುತ್ತಾಳೆ. ಮಾಡಲಿ.

ಮುಂದಿನ ಪುಸ್ತಕ ಅರ್ಥ್‌ಸೀ ಆಗಲಿ. ಇಂಗ್ಲಿಷ್ ಸ್ವಲ್ಪ ಬಿಗಿ, ಮೊದಲ ಎರಡು ಅಧ್ಯಾಯ ಇಬ್ಬರೂ ಕೂತು ಗಟ್ಟಿಯಾಗಿ ಓದಿಕೊಂಡರೆ ಆಮೇಲೆ ತಾನಾಗಿ ಓಡುತ್ತದೆ. ಹಿಡಿಸಿದರೆ ಎರಡನೆಯದು, ಮೂರನೆಯದು ಅವಳೇ ಹುಡುಕಿಕೊಳ್ಳುತ್ತಾಳೆ. ಎರಡನೆಯದರ ನಾಯಕಿ ಒಬ್ಬ ಹುಡುಗಿ, ಅದು ಇನ್ನೂ ಜಾಸ್ತಿ ಇಷ್ಟವಾಗಬಹುದು. ನಾಲ್ಕನೆಯದು ‘ಟೆಹಾನು’, ಲಿ ಗ್ವಿನ್ ಅದನ್ನು ಬರೆದದ್ದು 1990ರಲ್ಲಿ, ಮೂರನೆಯದು ಬಂದು ಹದಿನೆಂಟು ವರ್ಷ ಆದ ಮೇಲೆ. ಆ ಹುಡುಗಿ ಅದರಲ್ಲಿ ಹೊಲ ನೋಡಿಕೊಳ್ಳುವ ನಡುವಯಸ್ಸಿನ ವಿಧವೆ, ಸುಟ್ಟ ಗಾಯದ ಮಗುವೊಂದನ್ನು ಸಾಕುತ್ತಿರುತ್ತಾಳೆ. ಗೆಡ್ ಮಂತ್ರಶಕ್ತಿ ಪೂರ್ತಿ ಕಳೆದುಕೊಂಡು ಬಂದಿರುತ್ತಾನೆ. ಅದು ಅವಳಿಗೆ ಈಗಲೇ ಬೇಡ. ತರಿಸಿ ನೀವು ಓದಿ.